ಬೆಲ್ಲಕ್ಕೆ ಬಣ್ಣ ಯಾರಿಗಾಗಿ?

ಕೆನಡಾದಲ್ಲಿರುವ ನನ್ನ ಖಾಲಾರ ಮಗಳು ಕಳೆದ ಮಾರ್ಚ್‌ನಲ್ಲಿ ಮಕ್ಕಳೊಂದಿಗೆ ಒಂದು ಮೇಪಲ್ ತೋಟಕ್ಕೆ ಹೋಗಿದ್ದಳಂತೆ. ಚಳಿಗಾಲ ಮುಗಿಯುವ ಹೊತ್ತಿಗೆ ಅಲ್ಲಿನವರು ಮರಕ್ಕೆ ಸಣ್ಣ ರಂಧ್ರ ಕೊರೆದು ಒಸರುವ ನೀರನ್ನು ಸಂಗ್ರಹಿಸಿ ಕುದಿಸುತ್ತಾರೆ. ಸುಮಾರು 40 ಲೀಟರ್ ಒಸರು ಕುದ್ದರೆ ಒಂದು ಲೀಟರ್ ಪಾಕ. ಅಪ್ಪ, ಅಮ್ಮ, ಮಕ್ಕಳು ಸೇರಿ ನಡೆಸುವ ತೋಟ. ನೋಡಲು ಬಂದವರಿಗೆ ದೋಸೆಯಂಥ ತಿಂಡಿಯ ಮೇಲೆ ಬಿಸಿ ಪಾಕ ಸುರಿದು ಕೊಡುತ್ತಾರೆ. “ಅಪಾ, ನಮ್ಮ ಕಡೆ ಇಂಥದ್ದು ಇಲ್ಲವಲ್ಲ” ಎಂದು ಫೋನಿನಲ್ಲಿ ಹೇಳಿದಳು.

ಇಲ್ಲದೇನು! ಬೆಳಗಾವಿಯ ಕ್ಯಾಂಪ್‌ನಿಂದ ಪೀರನವಾಡಿ, ಮಚ್ಛೆ ದಾಟಿ ಗೋವಾ ರಸ್ತೆಯಲ್ಲಿ ಖಾನಾಪುರದ ಕಡೆ ಹೊರಟರೆ ಒಂದು ಗಂಟೆಯೊಳಗೆ ಬೆಲ್ಲದ ವಾಸನೆ ಮೂಗಿಗೆ ಬಡಿಯುತ್ತದೆ. ಖಾನಾಪುರ ತಾಲೂಕಿನ ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ದಟ್ಟ ಕಾಡು. ಪೂರ್ವಕ್ಕೆ ಬಂದಂತೆ ಹೊಲ, ಕಬ್ಬು. ಬೆಳಗಾವಿ ಎಂದರೆ ಎಲ್ಲರೂ ಕುಂದಾ ಕೇಳುತ್ತಾರೆ, ಕಾಕಂಬಿ ಕೇಳುವವರಿಲ್ಲ. ಕಾಕಂಬಿ ಎಂದರೆ ಗಟ್ಟಿಯಾಗುವ ಮೊದಲೇ ಒಲೆಯಿಂದ ಇಳಿಸಿದ ನೀರುಬೆಲ್ಲ, ಮಲೆನಾಡಿನವರ ಜೋನಿಬೆಲ್ಲ. ರೊಟ್ಟಿಗೆ, ದೋಸೆಗೆ, ಚಪಾತಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗಂತೂ ಗೊತ್ತಿಲ್ಲ.

ಜನವರಿಯ ಒಂದು ಭಾನುವಾರ ನಾದಿನಿ, ಮಕ್ಕಳು ಮತ್ತು ನಾನು ಪರಿಚಯದವರೊಬ್ಬರ ಗಾಣಕ್ಕೆ ಹೋದೆವು. ಎತ್ತಿನ ಗಾಣದ ಕಾಲ ಮುಗಿದು ಎಷ್ಟೋ ವರ್ಷಗಳಾಗಿವೆ, ಈಗ ಮೋಟರು. ಒಂದು ಕಡೆಯಿಂದ ಕಬ್ಬು ಒಳಗೆ ಹೋದರೆ ಇನ್ನೊಂದು ಕಡೆ ಹಸಿರು ಮಿಶ್ರಿತ ಕಂದು ರಸ. ಅದಕ್ಕೆ ಇಲ್ಲಿನವರು ಕಬ್ಬಿನ ಹಾಲು ಎನ್ನುತ್ತಾರೆ. ಹಿಂಡಿದ ಸಿಪ್ಪೆಯನ್ನು ಬಿಸಿಲಲ್ಲಿ ಒಣಗಿಸಿ ಅದನ್ನೇ ಒಲೆಗೆ ಹಾಕುತ್ತಾರೆ, ಬೇರೆ ಸೌದೆ ಬೇಕಿಲ್ಲ. ಆಳೆತ್ತರದ ಉರಿಯ ಮುಂದೆ ಒಬ್ಬಾತ ಬೆಳಗಿನಿಂದ ಸಂಜೆಯವರೆಗೆ ಸಿಪ್ಪೆ ತುಂಬುತ್ತಲೇ ಇರುತ್ತಾನೆ. ಬೆಲ್ಲ ತಿನ್ನುವಾಗ ಅವನ ಮುಖ ಯಾರಿಗೆ ನೆನಪಾಗುತ್ತದೆ?

ಮನೆಯ ಹಿರಿಯಾಕೆ, ಎಲ್ಲರೂ ಕಾಕೂ ಎಂದು ಕರೆಯುವವರು, ಕೊಪ್ಪರಿಗೆಯ ಹತ್ತಿರವೇ ಕುಳಿತಿದ್ದರು. “ಬರ್ರಿ ಅಕ್ಕಾರ, ಹುಡುಗರನ್ನ ಒಲಿ ಹತ್ರ ಬಿಡಬ್ಯಾಡ್ರಿ” ಎಂದರು. ಹಾಲು ಕುದಿಯಲು ಶುರುವಾದಾಗ ಸ್ವಲ್ಪ ಸುಣ್ಣದ ತಿಳಿ, ಮೇಲೆ ಬೆಂಡೆ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದ ಲೋಳೆ. ಕೊಳೆಯೆಲ್ಲ ಲೋಳೆಗೆ ಅಂಟಿಕೊಂಡು ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಜಾಲರಿಯ ಸೌಟಿನಿಂದ ತೆಗೆದು ಹಾಕುತ್ತಾರೆ. ಸುಮಾರು 105 ಡಿಗ್ರಿಯ ಶಾಖಕ್ಕೆ ಇಳಿಸಿದರೆ ಕಾಕಂಬಿ. 116-118ಕ್ಕೆ ಹೋದರೆ ಅಚ್ಚಿಗೆ ಸುರಿಯುವ ಬೆಲ್ಲ. ಕಾಕೂ ಅವರ ಬಳಿ ಥರ್ಮಾಮೀಟರ್ ಇರಲಿಲ್ಲ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡಿದರು, ಅಷ್ಟೇ. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ 100 ಕಿಲೋ ಬೆಲ್ಲ.

ಗೋಡೆಯ ಪಕ್ಕದಲ್ಲಿ ಎರಡು ಬಗೆಯ ಪೆಂಟೆಗಳಿದ್ದವು. ಒಂದು ಸಾಲು ಹೊಳೆಯುವ ಹಳದಿ, ಇನ್ನೊಂದು ಮಂಕಾದ ಕಂದು. ನಾದಿನಿ ಹಳದಿಯತ್ತ ಕೈ ಚಾಚಿದಾಗ ಕಾಕೂ ತಡೆದರು. “ಅದು ಪ್ಯಾಟಿಗ್ರಿ. ಮನಿಗೆ ತಿನ್ನಾಕ ಇದು.”

ವಿಷಯ ಇದು. ಪೇಟೆಯ ವ್ಯಾಪಾರಿ ಕಂದು ಬೆಲ್ಲಕ್ಕೆ ಬೆಲೆ ಕಡಿತ ಮಾಡುತ್ತಾನೆ. “ಗಿರಾಕಿ ಒಲ್ಲೆ ಅಂತಾರೆ” ಎನ್ನುವುದು ಅವನ ಮಾತು. ಹಾಗಾಗಿ ಕುದಿಯುವ ಪಾಕಕ್ಕೆ ‘ಹೈಡ್ರೋಸ್’ ಎಂಬ ಬಿಳಿ ಪುಡಿ ಬೀಳುತ್ತದೆ. ಇದು ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣ ತೆಗೆಯುವ ರಾಸಾಯನಿಕ. ಇದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 70 ಭಾಗ ಮೀರಬಾರದು ಎಂದು ನಿಯಮವಿದೆ. ಆದರೆ ಇಲ್ಲಿ ಪುಡಿಯ ಅಳತೆ ಮುಷ್ಟಿಯಲ್ಲಿ. ಆಸ್ತಮಾ ಇರುವ ಕೆಲವರಿಗೆ ಈ ಗಂಧಕವೇ ಉಬ್ಬಸ ತರಿಸಬಲ್ಲದು. ತಮಾಷೆಯೆಂದರೆ ಆ ಹಳದಿಯೂ ನಿಲ್ಲುವುದಿಲ್ಲ; ಕೆಲವು ತಿಂಗಳಲ್ಲಿ ಬೆಲ್ಲ ತಾನಾಗಿಯೇ ಕಪ್ಪಾಗುತ್ತದೆ.

ಈ ಮನೆಯ ಸೊಸೆಗೆ ಇದು ಸರಿಬಂದಿಲ್ಲ. ಬಿ.ಕಾಂ. ಓದಿದ ಹುಡುಗಿ, ಗಾಣದ ಲೆಕ್ಕಪತ್ರ ಅವಳದೇ. “ನಮ್ಮ ಹುಡುಗರಿಗೆ ಕೊಡಲಾರದ್ದನ್ನ ಮಂದಿ ಹುಡುಗರಿಗೆ ಹೆಂಗ ಕೊಡೋದ್ರಿ?” ಎಂದು ನಮ್ಮೆದುರೇ ಗಂಡನನ್ನು ಕೇಳಿದಳು. ಆತನ ಉತ್ತರವನ್ನೂ ತಳ್ಳಿಹಾಕುವಂತಿರಲಿಲ್ಲ. ಕೂಲಿ ಏರಿದೆ, ಕಬ್ಬು ಕಡಿಯುವವರು ಸಿಗುವುದಿಲ್ಲ, ಪೆಂಟೆಗೆ ಬೆಲೆ ಇಳಿದರೆ ಗಾಣ ಮುಚ್ಚಿ ಕಬ್ಬನ್ನೆಲ್ಲ ಕಾರ್ಖಾನೆಗೆ ಕಳಿಸಬೇಕು. ಕಾರ್ಖಾನೆಯ ಹಾದಿಯೂ ಸುಗಮವಲ್ಲ. ಟನ್ನಿಗೆ 3,500 ರೂಪಾಯಿ ಬೇಕೆಂದು 2025ರಲ್ಲಿ ಇದೇ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕುಳಿತರು. ನವೆಂಬರ್‌ನಲ್ಲಿ ಸರಕಾರ 3,300 ಎಂದು ತೀರ್ಮಾನಿಸಿತು.

ಸೊಸೆ ಕಂಡುಕೊಂಡ ಉಪಾಯ ಕಾಕಂಬಿ. ಅದಕ್ಕೆ ಬಣ್ಣದ ಹಂಗಿಲ್ಲ, ಕಂದಾಗಿದ್ದರೇ ಚೆಂದ. ವಾರಕ್ಕೆ ಒಂದು ಕೊಪ್ಪರಿಗೆಯನ್ನು ಪುಡಿ ಹಾಕದೆ ಕುದಿಸಿ, ಕೆಲವು ದಿನ ತಿಳಿಯಾಗಲು ಬಿಟ್ಟು, ಸೋಸಿ ಬಾಟಲಿಗೆ ತುಂಬುತ್ತಾಳೆ. ಬೆಳಗಾವಿಯಿಂದ ಬರುವ ನೆಂಟರು, ಅವರ ನೆರೆಯವರು ಕೊಳ್ಳುತ್ತಾರೆ. “ಈ ವರ್ಷ ಒಂದು ಕೊಪ್ಪರಿಗಿ, ಮುಂದಿನ ವರ್ಷ ಎರಡು” ಎಂದಳು. ಗಂಡ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಕೊಳ್ಳುವ ಸಹೋದರಿಯರಿಗೆ ಎರಡು ಮಾತು. ಕಂದು ಬಣ್ಣವಿದ್ದ ಮಾತ್ರಕ್ಕೆ ಬೆಲ್ಲ ಶುದ್ಧವೆಂದು ತಿಳಿಯಬೇಡಿ, ಗಾಣ ಯಾರದೆಂದು ವಿಚಾರಿಸಿ. ಎರಡನೆಯದಾಗಿ, ಸಕ್ಕರೆ ಕಾಯಿಲೆಗೆ ಬೆಲ್ಲ ನಡೆಯುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ. ಬೆಲ್ಲದ ಹೆಚ್ಚಿನ ಪಾಲು ಸಕ್ಕರೆಯೇ. ಕಾಕಂಬಿಯೂ, ಕೆನಡಾದ ಆ ಪಾಕವೂ ಅಷ್ಟೇ. ಇಫ್ತಾರಿನ ಶರಬತ್ತಿಗೆ ಹಾಕಿದರೂ ರಕ್ತದ ಸಕ್ಕರೆ ಏರುತ್ತದೆ.

ನಾವು ನಾಲ್ಕು ಬಾಟಲಿ ಕೊಂಡೆವು. ಒದ್ದೆ ಚಮಚ ಹಾಕಬಾರದು, ಹುಳಿಯುತ್ತದೆ ಎಂದು ಕಾಕೂ ಎಚ್ಚರಿಸಿದರು. ಮುಂದಿನ ಸಲ ಸ್ಟೀಲಿನ ಡಬ್ಬಿ ತನ್ನಿ, ಬಾಟಲಿಯ ದುಡ್ಡು ಉಳಿಯುತ್ತದೆ ಎಂದು ಸೊಸೆ. ನಾವು ಹೊರಡುವಾಗ ಕೊಪ್ಪರಿಗೆಗೆ ಮತ್ತೆ ಹಾಲು ಬಿಡುತ್ತಿದ್ದರು. ಅದು ಪೇಟೆಯ ಪಾಲಿನದು. ಪುಡಿಯ ಡಬ್ಬ ಪಕ್ಕದಲ್ಲೇ ಇತ್ತು.