ಬಿಟ್ಟ ಊರು, ಕಟ್ಟಿದ ಊರು

ಬೈಲುಕುಪ್ಪೆಯ ಮಾತು ಬಂದಾಗಲೆಲ್ಲ ಕೆಲವರು ಒಂದು ಪ್ರಶ್ನೆ ಕೇಳುವುದುಂಟು: "ಅರವತ್ತು ವರ್ಷಕ್ಕೂ ಮೇಲಾಗಿ ನಮ್ಮ ಅನ್ನ ಉಂಡ ಈ ಟಿಬೆಟ್ಟಿನವರಿಗೆ ಇನ್ನೂ ತಮ್ಮ ದೇಶದ್ದೇ ಹಂಬಲವೇಕೆ?" ಈ ಪ್ರಶ್ನೆ ನ್ಯಾಯವಾದುದಲ್ಲವೆಂದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಅವರು ಉಂಡದ್ದು ದುಡಿದ ಅನ್ನ. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಅಂದಿನ ಮೈಸೂರು ರಾಜ್ಯ ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಒದಗಿಸಿತು. ಬಾರ್ಲಿ ಬೆಳೆದು ಯಾಕ್ ಸಾಕಿದ್ದ ಶೀತದೇಶದ ಜನ 1960-61ರಿಂದ ಇಲ್ಲಿನ ಬಿಸಿಲಿನಲ್ಲಿ ಮರ ಕಡಿದು, ಬೇರು ಕಿತ್ತು, ಆನೆಗಳ ಹಾವಳಿಯನ್ನು ಸಹಿಸಿ ಮುಸುಕಿನ ಜೋಳ ಬೆಳೆದರು. ಚಳಿಗಾಲ ಬಂದರೆ ಪಟ್ಟಣಗಳನ್ನು ಸುತ್ತಿ ಸ್ವೆಟರು ಮಾರಿದರು.

ಹೀಗೆ ಕಟ್ಟಿಕೊಂಡ ಹಳ್ಳಿಯ ಬಾಳಿನಲ್ಲಿ ಸಂತೋಷವಿಲ್ಲವೆ? ಧಾರಾಳವಾಗಿ ಇದೆ. ಕೈಗೆ ಹತ್ತಿದ ಬೆಳೆ, ತಮ್ಮದೇ ಸಹಕಾರ ಸಂಘ, ಮಕ್ಕಳಿಗೆ ಶಾಲೆ, ಮಂತ್ರಘೋಷದ ಮಠಗಳು, ಉಪ್ಪು ಬೆಣ್ಣೆ ಹಾಕಿದ ಚಹಾ, ಲೋಸಾರ್ ಹಬ್ಬ, ಸುತ್ತಲ ಹಳ್ಳಿಗಳವರ ಒಡನಾಟ, ಯಾವುದಕ್ಕೂ ಕೊರತೆಯಿಲ್ಲ.

ಆದರೆ ಸಂತೋಷ ಬಂದೊಡನೆ ಹಂಬಲ ಅಳಿಯಬೇಕೆಂಬ ಕಟ್ಟಳೆ ಎಲ್ಲಿದೆ? ನಮ್ಮ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಎಷ್ಟೇ ಸುಖವಾಗಿದ್ದರೂ ತವರನ್ನು ನೆನೆಯುತ್ತಾರೆ. ಅದನ್ನು ನಾವು ದ್ರೋಹವೆನ್ನುವುದಿಲ್ಲ. ಸೇರಿದ ಮನೆಯನ್ನು ಬೆಳಗುವವಳೂ ತವರಿಗೆ ಅಳುವವಳೂ ಒಬ್ಬಳೇ ಎಂದು ಬಲ್ಲೆವು. ಅವಳಿಗಾದರೋ ಗೌರಿಹಬ್ಬಕ್ಕೆ ಕರೆಯಲು ಅಣ್ಣ ಬರುತ್ತಾನೆ. ದೇಶವನ್ನೇ ತೊರೆದು ಬಂದ ಇವರಿಗೆ ಕರೆ ಬರುವ ದಾರಿಯೇ ಮುಚ್ಚಿದೆ. ಹಾಗಿರುವಾಗ ಅವರ ಹಂಬಲ ಹೆಚ್ಚಿದರೆ ಆಶ್ಚರ್ಯವೇನು?

ಇನ್ನೊಂದು ಮಾತು. ಟಿಬೆಟ್ಟನ್ನು ಕಣ್ಣಾರೆ ಕಂಡ ಹಿರಿಯರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇಲ್ಲಿಯೇ ಹುಟ್ಟಿದ ತರುಣರಲ್ಲಿ ಅನೇಕರು ಅಮೆರಿಕಾ, ಕೆನಡಾಗಳಿಗೆ ಹೊರಟುಹೋಗುತ್ತಿದ್ದಾರೆ. ಅವರಿಗೆ ಅಲ್ಲಿನ ಚಳಿಯಲ್ಲಿ ನೆನಪಾಗುವ ಊರು ಲಾಸಾ ಅಲ್ಲ. ಬೈಲುಕುಪ್ಪೆಯ ಜೋಳದ ಹೊಲವೇ ಇರಬೇಕು. ಹಿರಿಯರಿಗೆ ಪರದೇಶವಾಗಿದ್ದುದು ಕಿರಿಯರಿಗೆ ತವರಾಗಿದೆ. ಇದಕ್ಕಿಂತ ದೊಡ್ಡ ಕೃತಜ್ಞತೆಯನ್ನು ನಾವು ಯಾರಿಂದ ಬಯಸಬೇಕು?

ನಮ್ಮ ವಿದ್ಯಾರ್ಥಿಗಳು ಪ್ರವಾಸಕ್ಕೆ ಹೋಗಿ, ಸ್ವರ್ಣಮಂದಿರದ ಬುದ್ಧನ ಮುಂದೆ ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅಷ್ಟಕ್ಕೇ ತೃಪ್ತರಾಗದೆ, ಜಪಚಕ್ರ ತಿರುಗಿಸುತ್ತ ಕುಳಿತ ಅಜ್ಜನೊಬ್ಬನ ಬಳಿ ಅರ್ಧ ಗಂಟೆ ಕೂತು ಅವನ ಊರಿನ ಕಥೆ ಕೇಳಬಾರದೆ? ಆ ಊರನ್ನು ಅವನಿಗೆ ಮರಳಿ ಕೊಡುವ ಶಕ್ತಿ ನಮಗಿಲ್ಲ. ಕೇಳುವ ಕಿವಿಯಾದರೂ ಇದೆ.