ನಾಲ್ಕು ವರ್ಷದ ಮಾತು

1989ರ ಸೆಪ್ಟೆಂಬರ್‌ನಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ಎಂಬ ಪುಟ್ಟ ದ್ವೀಪದ ಮೇಲೆ ‘ಹ್ಯೂಗೊ’ ಹೆಸರಿನ ಚಂಡಮಾರುತ ಎರಗಿತು. ಮನೆಗಳ ಸೂರು ಹಾರಿತು, ಕಂಬಗಳು ಮಲಗಿದವು. ಜೊತೆಗೆ ಇಡೀ ದ್ವೀಪಕ್ಕಿದ್ದ ಒಂದೇ ಒಂದು ಒಲಿಂಪಿಕ್ ಅಳತೆಯ ಈಜುಕೊಳವೂ ಹಾಳಾಯಿತು. ಆ ಕೊಳದಲ್ಲಿ ದಿನವೂ ಈಜುತ್ತಿದ್ದ ಹದಿಮೂರು ವರ್ಷದ ಹುಡುಗನೊಬ್ಬನಿಗೆ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋಗುವ ಆಸೆಯಿತ್ತು. ಅವನ ಅಕ್ಕ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಈಜಿ ಬಂದಿದ್ದಳು. ಕೊಳ ಹೋದ ಮೇಲೆ ಉಳಿದದ್ದು ಸಮುದ್ರ. ಹುಡುಗನಿಗೆ ಶಾರ್ಕ್ ಮೀನಿನ ಭಯ. ಈಜು ಅಲ್ಲಿಗೇ ನಿಂತಿತು.

ಮನೆಯಲ್ಲಿ ಅದಕ್ಕಿಂತ ದೊಡ್ಡ ಬಿರುಗಾಳಿ ಕಾದಿತ್ತು. ಹೆರಿಗೆ ಮಾಡಿಸುವ ದಾದಿಯಾಗಿದ್ದ ತಾಯಿಗೆ ಸ್ತನ ಕ್ಯಾನ್ಸರ್. 1990ರ ಏಪ್ರಿಲ್ 24ರಂದು ಆಕೆ ತೀರಿಕೊಂಡರು. ಮರುದಿನ ಹುಡುಗನ ಹದಿನಾಲ್ಕನೇ ಹುಟ್ಟುಹಬ್ಬ. ಸಾಯುವ ಮುನ್ನ ಆಕೆ ಮಕ್ಕಳಿಂದ ಒಂದು ಮಾತು ತೆಗೆದುಕೊಂಡಿದ್ದರು. ಏನೇ ಆಗಲಿ, ಕಾಲೇಜು ಓದು ಮುಗಿಸಿ ಪದವಿ ಪಡೆಯಬೇಕು.

ಆ ಹುಡುಗ ಟಿಮ್ ಡಂಕನ್. ಮುಂದೆ ಬ್ಯಾಸ್ಕೆಟ್‌ಬಾಲ್ ಲೋಕದಲ್ಲಿ ಬಹಳ ದೊಡ್ಡ ಹೆಸರಾದವನು. ಆದರೆ ಒಂಬತ್ತನೇ ತರಗತಿಗೆ ಬರುವವರೆಗೂ ಅವನು ಚೆಂಡನ್ನು ಗಂಭೀರವಾಗಿ ಹಿಡಿದಿರಲೇ ಇಲ್ಲ. ಅಮೆರಿಕದ ಕಾಲೇಜೊಂದರಲ್ಲಿ ಆಡಿ ಬಂದಿದ್ದ ಭಾವ ಅವನಿಗೆ ಆಟ ಕಲಿಸಿದರು. ಹುಡುಗ ಬಹಳ ಎತ್ತರ ಬೆಳೆಯಲಾರ ಎಂದು ಭಾವಿಸಿ, ಚೆಂಡು ಪುಟಿಸುವುದು, ದೂರದಿಂದ ಎಸೆಯುವುದು ಮುಂತಾದ ಗಿಡ್ಡ ಆಟಗಾರರ ವಿದ್ಯೆಯನ್ನೇ ಹೇಳಿಕೊಟ್ಟರು. ಹುಡುಗ ಬೆಳೆದೇ ಬೆಳೆದ. 6 ಅಡಿ 11 ಅಂಗುಲಕ್ಕೆ ನಿಂತ. ಗಿಡ್ಡವನ ಕೈಚಳಕ, ಎತ್ತರದವನ ಮೈ!

ಅಮೆರಿಕದ ಪದ್ಧತಿ ನಮ್ಮದಕ್ಕಿಂತ ತೀರ ಬೇರೆ. ನಮ್ಮಲ್ಲಿ ಕ್ರಿಕೆಟಿಗರನ್ನು ತಯಾರು ಮಾಡುವುದು ಕ್ಲಬ್ಬು ಮತ್ತು ರಾಜ್ಯ ಸಂಸ್ಥೆಗಳು. ಅಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರ ಸಸಿಮಡಿ ಎಂದರೆ ಕಾಲೇಜು. ಆಟ ಹುಟ್ಟಿದ್ದೂ ವಿದ್ಯಾಸಂಸ್ಥೆಯಲ್ಲೇ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು, ಚಳಿಗಾಲದಲ್ಲಿ ಒಳಗೇ ಕೂತು ಬೇಸತ್ತ ಹುಡುಗರಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿ ತೂಗುಹಾಕಿಸಿ ಇದನ್ನು ರೂಪಿಸಿದರು. ಇಂದು ಅಲ್ಲಿನ ಮೊದಲ ದರ್ಜೆಯ ಸುಮಾರು 350 ವಿಶ್ವವಿದ್ಯಾಲಯಗಳು ತಂಡ ಕಟ್ಟುತ್ತವೆ. ಅವುಗಳ ತರಬೇತುದಾರರು ಊರೂರು ಸುತ್ತಿ ಹುಡುಗರನ್ನು ಹುಡುಕುತ್ತಾರೆ. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಂತೆಯೇ ಇದು. ಮನೆಗೆ ಬಂದು ಸೋಫಾದ ಮೇಲೆ ಕೂರುತ್ತಾರೆ, ತಾಯಿಯ ಅಡುಗೆ ಹೊಗಳುತ್ತಾರೆ, ತಂದೆಗೆ ಭರವಸೆ ಕೊಡುತ್ತಾರೆ. ಶುಲ್ಕ, ಊಟ, ವಸತಿ, ಪುಸ್ತಕ ಎಲ್ಲ ಉಚಿತ. ಜಾಣ ತರಬೇತುದಾರ ಹುಡುಗನ ಜೊತೆ ಮಾತಾಡುವುದು ಕಡಿಮೆ, ತಾಯಿಯ ಜೊತೆ ಹೆಚ್ಚು.

ಡಂಕನ್ ಮನೆಗೆ ಬಂದವರು ನಾರ್ತ್ ಕ್ಯಾರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಡೇವ್ ಓಡಮ್. ಅವರ ಹಳೆಯ ಆಟಗಾರನೊಬ್ಬ ದ್ವೀಪಕ್ಕೆ ಹೋಗಿದ್ದಾಗ, ಎನ್.ಬಿ.ಎ. ಸೇರುತ್ತಿದ್ದ ದೈತ್ಯ ಅಲೊಂಜೊ ಮೋರ್ನಿಂಗ್‌ಗೆ ಹದಿನಾರರ ಹುಡುಗನೊಬ್ಬ ಸರಿಸಮನಾಗಿ ಆಡಿದ್ದನ್ನು ಕಂಡು ಸುದ್ದಿ ಮುಟ್ಟಿಸಿದ್ದ. ಓಡಮ್ ಎಷ್ಟು ಮಾತಾಡಿದರೂ ಹುಡುಗ ಸುಮ್ಮನೆ ದಿಟ್ಟಿಸುತ್ತಿದ್ದ. ಇವನಿಗೆ ಆಸಕ್ತಿಯೇ ಇಲ್ಲವೇನೋ ಎಂದು ಅವರಿಗೆ ಅನುಮಾನ ಬಂತು. ಆಮೇಲೆ ತಿಳಿಯಿತು, ಅವನು ಕಿವಿಗೊಟ್ಟು ಕೇಳುವ ರೀತಿಯೇ ಅದು. ತರಗತಿಯ ಕೊನೆಯ ಬೆಂಚಿನಲ್ಲಿ ಇಂಥ ಒಬ್ಬ ಹುಡುಗ ಎಲ್ಲ ಶಾಲೆಗಳಲ್ಲೂ ಇರುತ್ತಾನೆ.

1993ರಲ್ಲಿ ಕಾಲೇಜು ಸೇರಿದ ಡಂಕನ್ ತನ್ನ ಮೊದಲ ಪಂದ್ಯದಲ್ಲಿ ಗಳಿಸಿದ ಅಂಕ ಸೊನ್ನೆ. ಮೊದಲ ವರ್ಷದ ಸರಾಸರಿ ಪಂದ್ಯಕ್ಕೆ 9.8 ಅಂಕ. ಎರಡನೇ ವರ್ಷ 16.8, ಮೂರನೇ ವರ್ಷ 19.1, ನಾಲ್ಕನೇ ವರ್ಷ 20.8. ಹಾರಿ ಚೆಂಡು ಹಿಡಿಯುವ ರಿಬೌಂಡ್ ಲೆಕ್ಕವೂ 9.6ರಿಂದ 14.7ಕ್ಕೆ ಏರಿತು. ಈ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ಒಂದು ವಿಷಯ ಕಾಣುತ್ತದೆ. ಏರಿಕೆ ಮೊದಲ ಮತ್ತು ಎರಡನೇ ವರ್ಷದ ನಡುವೆ ಕಡಿದಾಗಿದೆ, ಆಮೇಲೆ ನಿಧಾನ. ಹಣದ ದೃಷ್ಟಿಯಿಂದ ನೋಡುವವನಾದರೆ ಎರಡನೇ ವರ್ಷ ಮುಗಿದ ಕೂಡಲೇ ಹೊರಡಬೇಕಿತ್ತು. 1995ರಲ್ಲಿ ಅವನು ಬಂದರೆ ಎನ್.ಬಿ.ಎ.ಯ ಮೊದಲ ಆಯ್ಕೆಯೇ ಆಗುತ್ತಾನೆ ಎಂದು ಲೇಕರ್ಸ್ ತಂಡದ ಜೆರಿ ವೆಸ್ಟ್ ಹೇಳಿಯೂ ಇದ್ದರು. ಅವನು ಹೋಗಲಿಲ್ಲ. ಆ ವರ್ಷ ಮೊದಲ ಆಯ್ಕೆಯಾದ ಜೋ ಸ್ಮಿತ್, ಮರುವರ್ಷ ಮೊದಲ ಆಯ್ಕೆಯಾದ ಆಲನ್ ಐವರ್ಸನ್ ಇಬ್ಬರೂ ಎರಡೇ ವರ್ಷ ಕಾಲೇಜಿನಲ್ಲಿದ್ದು ಹೋದವರು. 1995ರಲ್ಲೇ ಕೆವಿನ್ ಗಾರ್ನೆಟ್ ಹೈಸ್ಕೂಲಿನಿಂದ ನೇರವಾಗಿ ಜಿಗಿದಿದ್ದ.

ಉಳಿದದ್ದರಿಂದ ಡಂಕನ್‌ಗೆ ಕಾಲೇಜು ಚಾಂಪಿಯನ್ ಪಟ್ಟ ಸಿಕ್ಕಿತೇ? ಇಲ್ಲ. ವೇಕ್ ಫಾರೆಸ್ಟ್ ತಂಡ ಕೊನೆಯ ನಾಲ್ಕರ ಹಂತವನ್ನೂ ಮುಟ್ಟಲಿಲ್ಲ. ಸಿಕ್ಕಿದ್ದು 1997ರಲ್ಲಿ ಮನೋವಿಜ್ಞಾನದ ಪದವಿ. ಜೊತೆಗೆ ಪ್ರಾಧ್ಯಾಪಕ ಮಾರ್ಕ್ ಲಿಯರಿ ಮತ್ತು ಸಹಪಾಠಿಗಳೊಂದಿಗೆ ಬರೆದ ಅಧ್ಯಾಯವೊಂದು ಅದೇ ವರ್ಷ ಪುಸ್ತಕದಲ್ಲಿ ಪ್ರಕಟವಾಯಿತು. ವಿಷಯ: ಜಂಬ ಕೊಚ್ಚುವವರನ್ನು ಕಂಡರೆ ಸುತ್ತಲಿನವರಿಗೆ ಏನನ್ನಿಸುತ್ತದೆ ಎಂಬುದು! ಅದೇ ಬೇಸಿಗೆಯಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸ್ ಅವನನ್ನು ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು. ಹತ್ತೊಂಬತ್ತು ಋತು ಒಂದೇ ತಂಡಕ್ಕೆ ಆಡಿ, ಐದು ಬಾರಿ ಚಾಂಪಿಯನ್ ಆಗಿ, 2016ರಲ್ಲಿ ನಿವೃತ್ತನಾದ. ಗೆದ್ದಾಗ ಹಾರಾಡಲಿಲ್ಲ, ಜಂಬ ಕೊಚ್ಚಲಿಲ್ಲ. ಓದಿದ್ದು ಮೈಗೆ ಹತ್ತಿತ್ತು.

ಇಷ್ಟು ಕೇಳಿದರೆ ನಾಲ್ಕು ವರ್ಷ ಉಳಿಯುವುದೇ ಧರ್ಮ, ಬಿಟ್ಟು ಹೋಗುವುದು ದುರಾಸೆ ಎನ್ನಿಸಬಹುದು. ಸಂಗತಿ ಅಷ್ಟು ಸರಳವಲ್ಲ.

ಹಿಂದೆ ನಿಯಮವೇ ನಾಲ್ಕು ವರ್ಷ ಎನ್ನುತ್ತಿತ್ತು. ಮೊದಲ ವರ್ಷದವರು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತೆಯೇ ಇರಲಿಲ್ಲ. ಒಗ್ಗಿಕೊಳ್ಳಲಿ, ಪಾಠ ಹಿಡಿತಕ್ಕೆ ಬರಲಿ ಎಂದು. 1965ರಲ್ಲಿ ಲಾಸ್ ಏಂಜಲೀಸ್‌ನ ಯು.ಸಿ.ಎಲ್.ಎ.ಯಲ್ಲಿ ತಮಾಷೆಯೇ ನಡೆಯಿತು. ಲೂ ಆಲ್ಸಿಂಡರ್ (ಮುಂದೆ ಕರೀಂ ಅಬ್ದುಲ್ ಜಬ್ಬಾರ್) ಇದ್ದ ಮೊದಲ ವರ್ಷದವರ ತಂಡ, ದೇಶದ ಚಾಂಪಿಯನ್ ಆಗಿದ್ದ ತಮ್ಮದೇ ಕಾಲೇಜಿನ ಹಿರಿಯರ ತಂಡವನ್ನು 75-60ರಿಂದ ಸೋಲಿಸಿತು. ಆದರೂ ಕಿರಿಯರು ಒಂದು ವರ್ಷ ಕಾಯಲೇಬೇಕಾಯಿತು. ಮುಂದಿನ ಮೂರು ವರ್ಷ ಮೂರು ಪಟ್ಟ ಗೆದ್ದು ಆಲ್ಸಿಂಡರ್ 1969ರಲ್ಲಿ ಪದವೀಧರನಾಗಿ ಹೊರಬಂದ. 1972ರಲ್ಲಿ ಆ ನಿಯಮ ಹೋಯಿತು.

ಎನ್.ಬಿ.ಎ. ಕೂಡ ಹೈಸ್ಕೂಲು ಮುಗಿಸಿ ನಾಲ್ಕು ವರ್ಷವಾಗದೆ ಯಾರನ್ನೂ ಸೇರಿಸುತ್ತಿರಲಿಲ್ಲ. ಅದನ್ನು ಮುರಿದವನು ಸ್ಪೆನ್ಸರ್ ಹೇವುಡ್. ಮಿಸಿಸಿಪ್ಪಿಯ ಹತ್ತಿಹೊಲದಲ್ಲಿ ಕೂಲಿ ಮಾಡಿ ಹತ್ತು ಮಕ್ಕಳನ್ನು ಸಾಕಿದ ತಾಯಿಯ ಮಗ. 1968ರ ಒಲಿಂಪಿಕ್ ಚಿನ್ನ ಕೊರಳಲ್ಲಿದ್ದರೂ ಮನೆಯಲ್ಲಿ ಬಡತನ ಹಾಗೆಯೇ ಇತ್ತು. ದುಡಿಯುವ ಹಕ್ಕು ತಡೆಯಲು ನೀವಾರು ಎಂದು ಅವನು ನ್ಯಾಯಾಲಯದ ಮೆಟ್ಟಿಲು ಹತ್ತಿದ. 1971ರಲ್ಲಿ ಸುಪ್ರೀಂ ಕೋರ್ಟ್ 7-2ರಿಂದ ಅವನ ಪರ ನಿಂತಿತು. ಅವನನ್ನು ತಪ್ಪು ಎನ್ನುವ ಧೈರ್ಯ ಯಾರಿಗಿದೆ? ಮಕ್ಕಳ ಆಟದಿಂದ ಕಾಲೇಜುಗಳು ಹಣ ಮಾಡುತ್ತಿದ್ದವು, ಆಡಿದವನಿಗೆ ಮಾತ್ರ ಕೈಕಾಸಿಲ್ಲ. 2010ರಲ್ಲಿ ಕಾಲೇಜು ಪಂದ್ಯಾವಳಿಯ ಟಿ.ವಿ. ಹಕ್ಕು 14 ವರ್ಷಕ್ಕೆ 1,080 ಕೋಟಿ ಡಾಲರ್‌ಗೆ ಹೋಯಿತು ಎಂದರೆ ಆ ವ್ಯಾಪಾರದ ಗಾತ್ರ ತಿಳಿದೀತು.

ಇನ್ನು, ನಾಲ್ಕು ವರ್ಷ ಕಾಲೇಜಿನಲ್ಲಿ ಇದ್ದ ಮಾತ್ರಕ್ಕೆ ವಿದ್ಯೆ ಬರುತ್ತದೆಯೇ? ಕೆವಿನ್ ರಾಸ್ ಎಂಬವನ ಕಥೆಯನ್ನು ಪ್ರತಿಯೊಬ್ಬ ಅಧ್ಯಾಪಕನೂ ಒಮ್ಮೆ ಓದಬೇಕು. 1978ರಲ್ಲಿ ನೆಬ್ರಾಸ್ಕದ ಕ್ರೈಟನ್ ವಿಶ್ವವಿದ್ಯಾಲಯಕ್ಕೆ ಆಟದ ಬಲದಿಂದ ಸೇರಿದ. ಪ್ರವೇಶಕ್ಕೆ ಮುಂಚಿನ ಪರೀಕ್ಷೆಯಲ್ಲಿ ಅಲ್ಲಿನ ವಿದ್ಯಾರ್ಥಿಗಳ ಸರಾಸರಿ ಅಂಕ 23, ಅವನದು 9. ಅವನಿಗೆ ಹಚ್ಚಿದ ಪಾಠಗಳಲ್ಲಿ ಗುರಿ ಹೊಡೆಯುವುದು, ಬ್ಯಾಸ್ಕೆಟ್‌ಬಾಲ್ ಸಿದ್ಧಾಂತ ಇಂಥವು ಇದ್ದವು. 1982ರಲ್ಲಿ ಆಟದ ಅವಧಿ ಮುಗಿದಾಗ ಪದವಿಗೆ ಬೇಕಾದ 128 ಕ್ರೆಡಿಟ್‌ಗಳಲ್ಲಿ ಅವನ ಬಳಿ ಇದ್ದದ್ದು 96. ಓದುವ ಶಕ್ತಿ ಏಳನೇ ತರಗತಿಯವನದು, ಒಟ್ಟಾರೆ ಭಾಷಾಜ್ಞಾನ ನಾಲ್ಕನೇ ತರಗತಿಯವನದು. ಕಾಲೇಜಿನಲ್ಲಿ ನಾಲ್ಕು ವರ್ಷ ಕಳೆದ ಆ ಎತ್ತರದ ಯುವಕ ಷಿಕಾಗೋದ ವೆಸ್ಟ್‌ಸೈಡ್ ಪ್ರಿಪರೇಟರಿ ಎಂಬ ಶಾಲೆಗೆ ಸೇರಿ, ಚಿಕ್ಕ ಮಕ್ಕಳ ಜೊತೆ ಕೂತು ಓದು ಕಲಿತ. ಆಮೇಲೆ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಹೂಡಿದ. ಅದು ರಾಜಿಯಲ್ಲಿ ಮುಗಿಯಿತು. ಪುಟ್ಟ ಬೆಂಚಿನಲ್ಲಿ ಮಂಡಿ ಮಡಚಿ ಕೂರಲು ಎಂಥ ಗುಂಡಿಗೆ ಬೇಕು ಎಂಬುದನ್ನು ಊಹಿಸಿಕೊಳ್ಳಬೇಕು. ಹತ್ತು ಪದವಿಗಿಂತ ಅದು ದೊಡ್ಡದು.

ಹಾಗಾದರೆ ತಾಯ್ತಂದೆಯರು ಯಾವುದನ್ನು ನಂಬಬೇಕು? ಸ್ವಲ್ಪ ಗಣಿತ ಮಾಡೋಣ. ಒಂದು ತಂಡಕ್ಕೆ ಬಹುಕಾಲ 13 ವಿದ್ಯಾರ್ಥಿವೇತನಗಳಿದ್ದವು. 350 ತಂಡ ಎಂದರೆ 4,550 ಹುಡುಗರು. ನಾಲ್ಕರಲ್ಲೊಂದು ಪಾಲು ಪ್ರತಿವರ್ಷ ಹೊರಬರುತ್ತದೆ ಎಂದುಕೊಂಡರೆ ಸಾವಿರದ ನೂರಕ್ಕೂ ಹೆಚ್ಚು. ಎನ್.ಬಿ.ಎ. ವರ್ಷಕ್ಕೆ ಆರಿಸುವುದು ಅರವತ್ತರಷ್ಟು ಜನರನ್ನು. ಅದರಲ್ಲೂ ಯೂರೋಪು ಮುಂತಾದ ಕಡೆಯವರು ಸೇರಿರುತ್ತಾರೆ. ಉಳಿದ ಸಾವಿರ ಚಿಲ್ಲರೆ ಹುಡುಗರು ಇಪ್ಪತ್ತೆರಡನೇ ವಯಸ್ಸಿಗೆ ಇನ್ನೊಂದು ಕೆಲಸ ನೋಡಿಕೊಳ್ಳಲೇಬೇಕು. ಗಾರ್ನೆಟ್, ಕೋಬಿ ಬ್ರಯಂಟ್, ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದ ಹೋಗಿ ಗೆದ್ದರು, ನಿಜ. ಅವರ ಚಿತ್ರ ಗೋಡೆಯ ಮೇಲಿರುತ್ತದೆ. ಉಳಿದವರ ಚಿತ್ರ ಅಂಟಿಸುವವರಿಲ್ಲ.

2005ರಲ್ಲಿ ಎನ್.ಬಿ.ಎ. ಮತ್ತೆ ಬಾಗಿಲು ಅರ್ಧ ಮುಚ್ಚಿತು. ಆಟಗಾರನಿಗೆ 19 ತುಂಬಬೇಕು, ಹೈಸ್ಕೂಲು ಮುಗಿದು ಒಂದು ವರ್ಷವಾಗಿರಬೇಕು. ಪರಿಣಾಮ ವಿಚಿತ್ರವಾಯಿತು. ಪ್ರತಿಭಾವಂತರು ಒಂದು ವರ್ಷಕ್ಕೆ ಕಾಲೇಜಿಗೆ ಬಂದು, ಮಾರ್ಚ್‌ನಲ್ಲಿ ಪಂದ್ಯಾವಳಿ ಆಡಿ, ಗಂಟು ಕಟ್ಟತೊಡಗಿದರು. 2012ರಲ್ಲಿ ಆಂಥನಿ ಡೇವಿಸ್ ಮುಂತಾದ ಮೊದಲ ವರ್ಷದವರನ್ನೇ ನೆಚ್ಚಿ ಕೆಂಟಕಿ ಚಾಂಪಿಯನ್ ಆಯಿತು. ಡೇವಿಸ್ ಅದೇ ಬೇಸಿಗೆಯಲ್ಲಿ ಎನ್.ಬಿ.ಎ.ಯ ಮೊದಲ ಆಯ್ಕೆ. ಇದಕ್ಕೆ ಕಾಲೇಜು ಎನ್ನುವುದಕ್ಕಿಂತ ಬಸ್ ನಿಲ್ದಾಣ ಎನ್ನುವುದು ವಾಸಿ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಯಿತು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡುತ್ತಿವೆ. ಹಳೆಯ ಅನ್ಯಾಯ ತಕ್ಕಮಟ್ಟಿಗೆ ಸರಿಹೋಯಿತು. ಹಣ ಕಾಲೇಜಿನಲ್ಲೇ ಸಿಗುವುದರಿಂದ ಕೆಲವರು ಹೆಚ್ಚು ಕಾಲ ನಿಲ್ಲುವುದೂ ಉಂಟು. ಆದರೆ ಕಾಲೇಜು ಬದಲಾಯಿಸುವುದು ಈಗ ಸುಲಭವಾಗಿರುವುದರಿಂದ ನಾಲ್ಕು ವರ್ಷ ಓದುವ ಹುಡುಗ ಮೂರು ಊರುಗಳಲ್ಲಿ ಓದುತ್ತಾನೆ. ಒಂದು ಕಡೆಯ ಕ್ರೆಡಿಟ್ ಇನ್ನೊಂದು ಕಡೆ ಪೂರ್ತಿ ನಡೆಯುವುದಿಲ್ಲ ಎಂಬುದು ಕೊನೆಗೆ ಗೊತ್ತಾಗುತ್ತದೆ.

ಈ ಗದ್ದಲದ ನಡುವೆಯೂ ಟೊರಾಂಟೊದ ಜಾಕ್ ಈಡಿ ಎಂಬ 7 ಅಡಿ 4 ಅಂಗುಲದ ಹುಡುಗ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 2020ರಿಂದ 2024ರವರೆಗೆ ನಾಲ್ಕೂ ವರ್ಷ ಕಳೆದ. ಆರಿಸುವವರ ಪಟ್ಟಿಯಲ್ಲಿ ಮೊದಲ ನೂರರಲ್ಲೂ ಅವನ ಹೆಸರಿರಲಿಲ್ಲ. ಪಂದ್ಯಕ್ಕೆ 8.7 ಅಂಕದಿಂದ ಹೊರಟು 25.2ಕ್ಕೆ ಮುಟ್ಟಿದ. ಎರಡು ಬಾರಿ ದೇಶದ ಶ್ರೇಷ್ಠ ಕಾಲೇಜು ಆಟಗಾರನಾದ.

ಭಾರತದ ಕಥೆಯೂ ಇದರಲ್ಲಿ ಒಂದಿಷ್ಟಿದೆ. ಪಂಜಾಬಿನ ಬಲ್ಲೋಕೆ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ 2010ರಲ್ಲಿ ಹದಿನಾಲ್ಕರ ಪ್ರಾಯದಲ್ಲಿ ಫ್ಲಾರಿಡಾದ ಕ್ರೀಡಾ ಶಾಲೆಗೆ ಹೋದ. ಇಂಗ್ಲಿಷ್ ಬಾರದು. ಏಳು ಅಡಿ ಮೀರಿದ ಹುಡುಗನಾದರೂ ಕಾಲೇಜಿಗೆ ಬೇಕಾದ ಓದಿನ ಅರ್ಹತೆ ದಕ್ಕಲಿಲ್ಲ. ಹಾಗಾಗಿ 2015ರಲ್ಲಿ ನೇರವಾಗಿ ಎನ್.ಬಿ.ಎ. ಆಯ್ಕೆಗೆ ನಿಂತ, ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲಿಗ ಎಂದು ಇಲ್ಲಿ ಸಂಭ್ರಮವೋ ಸಂಭ್ರಮ. ಆದರೆ ಎನ್.ಬಿ.ಎ.ಯ ಒಂದು ಪಂದ್ಯವನ್ನೂ ಆಡುವ ಯೋಗ ಬರಲಿಲ್ಲ. ಮುಂದೆ ವೃತ್ತಿ ಕುಸ್ತಿಯತ್ತ ತಿರುಗಿದ. ನಾಲ್ಕು ವರ್ಷ ಕಾಲೇಜಿನಲ್ಲಿ ಪಳಗಿದ್ದರೆ ಏನಾಗುತ್ತಿತ್ತೋ! ಅದೇ, ಬೆಂಗಳೂರಿನ ಸಂಜನಾ ರಮೇಶ್ ಓದನ್ನೂ ಆಟವನ್ನೂ ಒಟ್ಟಿಗೆ ಹಿಡಿದು ನಾರ್ದರ್ನ್ ಅರಿಜೋನ ವಿಶ್ವವಿದ್ಯಾಲಯದ ತಂಡ ಸೇರಿದರು. ಅವರ ಬಗ್ಗೆ ಇಲ್ಲಿ ಆಗಿರುವ ಗದ್ದಲ ಕಡಿಮೆ.

ಬಿಟ್ಟು ಹೋದವರು ಮರಳಿ ಬರುವುದೂ ಉಂಟು. ಮೂರನೇ ವರ್ಷಕ್ಕೆ ಹೊರಟ ಶಕೀಲ್ ಓನೀಲ್, ತಾಯಿಗೆ ಕೊಟ್ಟ ಮಾತಿನಂತೆ 2000ದಲ್ಲಿ ಪದವಿ ಮುಗಿಸಿದ. ಇನ್ನೊಬ್ಬ ಸ್ಟೀಫನ್ ಕರಿ. ಸಣಕಲ ಎಂದು ದೊಡ್ಡ ಕಾಲೇಜುಗಳು ಬೇಡವೆಂದಾಗ ಕರೆದುಕೊಂಡದ್ದು ನಾರ್ತ್ ಕ್ಯಾರೊಲಿನಾದ ಪುಟ್ಟ ಡೇವಿಡ್‌ಸನ್ ಕಾಲೇಜು. 2009ರಲ್ಲಿ ಮೂರು ವರ್ಷಕ್ಕೇ ಎನ್.ಬಿ.ಎ.ಗೆ ಹೋದ. ಹೋಗಿ ಲೋಕವನ್ನೇ ಗೆದ್ದ. ಆದರೆ ಡೇವಿಡ್‌ಸನ್‌ನಲ್ಲಿ ಒಂದು ಪದ್ಧತಿಯಿದೆ. ಪದವಿ ಪಡೆಯದವನ ಅಂಗಿಯನ್ನು, ಅವನು ಎಷ್ಟೇ ದೊಡ್ಡವನಿರಲಿ, ಗೌರವದಿಂದ ಕ್ರೀಡಾಂಗಣದ ಮಾಡಿಗೆ ಏರಿಸುವುದಿಲ್ಲ. ಕಾಲೇಜು ಅವನಿಗಾಗಿ ನಿಯಮ ಸಡಿಲಿಸಲಿಲ್ಲ. ಅವನೂ ಕೇಳಲಿಲ್ಲ. ಹದಿಮೂರು ವರ್ಷದ ಮೇಲೆ, ಮೂರು ಮಕ್ಕಳ ತಂದೆಯಾಗಿ, ಮೂರು ಎನ್.ಬಿ.ಎ. ಪಟ್ಟ ಗೆದ್ದ ಮೇಲೆ, ಉಳಿದ ಪಾಠಗಳನ್ನು ಓದಿ ಪ್ರಬಂಧ ಬರೆದು ಒಪ್ಪಿಸಿದ. 2022ರ ಆಗಸ್ಟ್ 31ರಂದು ಕಪ್ಪು ನಿಲುವಂಗಿ ತೊಟ್ಟು ಪದವಿ ಪತ್ರ ಪಡೆದ. 30ನೇ ಸಂಖ್ಯೆಯ ಅಂಗಿ ಮೇಲೇರಿದ್ದು ಆಗ.