ಕೇಕಿನ ನಡು ಏಕೆ ಕುಸಿಯಿತು?

ದೊಡ್ಡಬಳ್ಳಾಪುರದ ಒಂದು ಮನೆ ಎಂದುಕೊಳ್ಳಿ. ಭಾನುವಾರದ ಮಧ್ಯಾಹ್ನ, ಬೀದಿಯಲ್ಲಿ ಮಗ್ಗಗಳ ಸದ್ದು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಮ್ಮನ ಹುಟ್ಟುಹಬ್ಬಕ್ಕೆಂದು ಎರಡು ಪದರದ ಚಾಕೊಲೇಟ್ ಕೇಕು ಮಾಡಲು ಹೊರಟಿದ್ದಾಳೆ. ಇಂಗ್ಲಿಷ್ ಪುಸ್ತಕವೊಂದರಿಂದ ಬರೆದುಕೊಂಡ ಅಳತೆಯನ್ನು ಚಾಚೂ ತಪ್ಪದೆ ಹಾಕಿದ್ದಾಳೆ. ಇಪ್ಪತ್ತನೆಯ ನಿಮಿಷದಲ್ಲಿ ಓವನ್ನಿನ ಗಾಜಿನ ಹಿಂದೆ ಕೇಕು ಗುಮ್ಮಟದಂತೆ ಎದ್ದು ನಿಂತಿತ್ತು. ಮೂವತ್ತನೆಯ ನಿಮಿಷಕ್ಕೆ ನೋಡಿದರೆ ನಡುವೆ ಒಂದು ಹಳ್ಳ.

"ಮೊಟ್ಟೆ, ಸಕ್ಕರೆ, ಕೋಕೋ ಎಲ್ಲಾ ದಂಡ ಮಾಡಿದೆಯಲ್ಲೇ! ಪರೀಕ್ಷೆ ಮುಗಿಯೋ ತನಕ ಅಡುಗೆಮನೆ ಕಡೆ ತಲೆ ಹಾಕಬೇಡ, ಹೋಗಿ ಪುಸ್ತಕ ಹಿಡಿ" ಎನ್ನುತ್ತಾರೆ ಅಮ್ಮ. "ನನ್ನ ಕೈಗೆ ಇದು ಬರೋದಿಲ್ಲಮ್ಮ" ಎಂದು ಹುಡುಗಿ ಕೋಣೆ ಸೇರುತ್ತಾಳೆ. ಹಾಳಾದ ಮೊಟ್ಟೆ ಸಕ್ಕರೆಯ ಲೆಕ್ಕ ಸಂಜೆಯೊಳಗೆ ಮರೆತುಹೋಗುತ್ತದೆ. ಆದರೆ ಆ ಒಂದು ಮಾತು ಹುಡುಗಿಯ ಮನಸ್ಸಿನಲ್ಲಿ ವರ್ಷಗಟ್ಟಲೆ ಕೂತುಬಿಡಬಹುದು. ಅದೂ ಅವಳ ಕೈಯ ತಪ್ಪೇ ಇಲ್ಲದಿರುವಾಗ.

ತಮಾಷೆಯೆಂದರೆ, ಅಮ್ಮ ಹಿಡಿಯಲು ಹೇಳಿದ ಪುಸ್ತಕದಲ್ಲೇ ಅರ್ಧ ಉತ್ತರವಿದೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ 'ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು' ಎಂಬ ಪಾಠ ಬರುತ್ತದೆ. ಅಲ್ಲಿ ಅಡುಗೆ ಸೋಡಾದ ಹೆಸರು ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್. ಇದಕ್ಕೆ ಮಜ್ಜಿಗೆ, ನಿಂಬೆರಸ, ವಿನೆಗರ್‌ನಂಥ ಹುಳಿ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಅನಿಲ ಬಿಡುಗಡೆಯಾಗುತ್ತದೆ. ಹಿಟ್ಟಿನೊಳಗೆ ಸಿಕ್ಕಿಬಿದ್ದ ಈ ಅನಿಲದ ಗುಳ್ಳೆಗಳು ಬಿಸಿಗೆ ಹಿಗ್ಗಿ ಕೇಕನ್ನು ಮೇಲಕ್ಕೆತ್ತುತ್ತವೆ. ಅಷ್ಟರಲ್ಲಿ ಮೊಟ್ಟೆ ಮತ್ತು ಮೈದಾ ಬೆಂದು ಗಟ್ಟಿಯಾಗಿ ಗುಳ್ಳೆಗಳ ಸುತ್ತ ಗೋಡೆ ಕಟ್ಟಬೇಕು. ಗೋಡೆ ಕಟ್ಟುವ ಮೊದಲೇ ಗುಳ್ಳೆಗಳು ಹಿಗ್ಗಿ ಒಡೆದರೆ ಅನಿಲವೆಲ್ಲ ಹಾರಿಹೋಗುತ್ತದೆ. ಕೇಕು ಕೂತುಬಿಡುತ್ತದೆ. ನಡುಭಾಗ ಕೊನೆಗೆ ಬೇಯುವುದರಿಂದ ಹಳ್ಳ ಬೀಳುವುದೂ ಅಲ್ಲೇ.

ಉಳಿದರ್ಧ ಉತ್ತರವಿರುವುದು ಊರಿನಲ್ಲಿ. ದೇವನಹಳ್ಳಿಯ ಬಳಿ 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಅಡಿಗಳಲ್ಲಿ ಹೇಳುವುದಾದರೆ 3,000. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳೂ ಹೆಚ್ಚುಕಡಿಮೆ ಇದೇ ಎತ್ತರದ ಊರುಗಳು. ಇಲ್ಲಿ ಗಾಳಿಯ ಒತ್ತಡ ಮಂಗಳೂರಿನ ಕಡಲ ತೀರದಲ್ಲಿರುವುದಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ. ನೀರು 100 ಡಿಗ್ರಿಗೆ ಬದಲು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಮೇಲಿಂದ ಅದುಮುವ ಒತ್ತಡ ಕಡಿಮೆಯಾದ್ದರಿಂದ ಅಷ್ಟೇ ಸೋಡಾ ಇಲ್ಲಿ ಹೆಚ್ಚು ಉಬ್ಬಿಸುತ್ತದೆ. ಹಿಟ್ಟಿನ ನೀರು ಬೇಗ ಆರುತ್ತದೆ. ನೀರು ಆರಿದಷ್ಟೂ ಸಕ್ಕರೆ ಸಾಂದ್ರವಾಗುತ್ತದೆ, ಸಕ್ಕರೆ ಹೆಚ್ಚಾದಷ್ಟೂ ಗೋಡೆ ಕಟ್ಟುವುದು ತಡವಾಗುತ್ತದೆ.

ಪರದೇಶದ ಬಹುಪಾಲು ಅಡುಗೆ ಪುಸ್ತಕಗಳ ಅಳತೆ ತಗ್ಗಿನ ಊರುಗಳಿಗೆ ಹೊಂದಿಸಿದ್ದು. ಅಮೆರಿಕದ ಕೊಲರಾಡೊ ಬೆಟ್ಟದ ಸೀಮೆ. ಅದರ ರಾಜಧಾನಿ ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ಅಲ್ಲಿನ ಗೃಹಿಣಿಯರಿಗೆ ಈ ಕಷ್ಟ ಬಹಳ ಕಾಲ ಕಾಡಿತ್ತು. ಕೊಲರಾಡೊ ಕೃಷಿ ಕಾಲೇಜಿನ ಗೃಹವಿಜ್ಞಾನ ಪ್ರಾಧ್ಯಾಪಕಿ ಇಂಗಾ ಆಲಿಸನ್ ಎಂಬವರು ಎತ್ತರದ ಊರುಗಳ ಅಡುಗೆಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. ಮುಚ್ಚಿದ ಕೋಣೆಯೊಳಗೆ ಗಾಳಿಯ ಒತ್ತಡವನ್ನು ಏರಿಳಿಸಿ ಕೇಕು ಬೇಯಿಸಿ ನೋಡುವ ಪ್ರಯೋಗಾಲಯ 1920ರ ದಶಕದಲ್ಲೇ ಅಲ್ಲಿ ಸಿದ್ಧವಾಯಿತು. ಎತ್ತರದ ಊರಿಗೆ ಅಳತೆ ಬದಲಿಸಬೇಕೆಂಬ ಸೂಚನೆ ಸಾಮಾನ್ಯವಾಗಿ ಶುರುವಾಗುವುದು 3,000 ಅಡಿಯಿಂದ. ಅಂದರೆ ಬೆಂಗಳೂರು ಗ್ರಾಮಾಂತರದ ಅಡುಗೆಮನೆಗಳು ಸರಿಯಾಗಿ ಗೆರೆಯ ಮೇಲೇ ಕುಳಿತಿವೆ.

ಗೆರೆಯ ಮೇಲಿರುವುದರಿಂದ ಎಲ್ಲ ಕೇಕೂ ಕುಸಿಯುವುದಿಲ್ಲ. ಹಿಟ್ಟು ಗಟ್ಟಿಯಾಗಿರುವ ಸಾದಾ ಕೇಕು ಪಾರಾಗುತ್ತದೆ. ಸಿಕ್ಕಿಬೀಳುವುದು ನೀರು, ಸಕ್ಕರೆ, ಸೋಡಾ ಮೂರೂ ಜಾಸ್ತಿಯಿರುವ ಮೆತ್ತನೆಯ ಚಾಕೊಲೇಟ್ ಕೇಕು. ಜೊತೆಗೆ ಮನೆಯ ತಪ್ಪುಗಳೂ ಇರುತ್ತವೆ: ಚಮಚದಲ್ಲಿ ಗುಡ್ಡೆಯಾಗಿ ತುಂಬಿದ ಸೋಡಾ, ನಡುವೆ ನಾಲ್ಕು ಸಲ ತೆಗೆದು ನೋಡಿದ ಓವನ್ ಬಾಗಿಲು, ಪೂರ್ತಿ ಬೇಯುವ ಮೊದಲೇ ಇಳಿಸಿದ ಆತುರ.

ಅಂದಹಾಗೆ, ಈ ಎತ್ತರಕ್ಕೆ ಹೊಂದಿದ ಕೇಕುಗಳು ಪ್ರತಿ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರೇ ಸಿಗುತ್ತವೆ. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನಲ್ಲಿ ಬಿ.ಬಿ. ಬೇಕರಿ ತೆರೆದಾಗಿನಿಂದ ಅಯ್ಯಂಗಾರ್ ಬೇಕರಿಗಳದ್ದೇ ಒಂದು ಪರಂಪರೆ. ಅವರಲ್ಲಿ ಬಹಳ ಮಂದಿಯ ಮೂಲ ಹಾಸನದ ಕಡೆ. ಹಾಸನವೂ ಇದೇ ಎತ್ತರದ ಊರು. ಅವರ ಅಳತೆ ಇಲ್ಲಿಯ ಗಾಳಿಯಲ್ಲೇ ಹುಟ್ಟಿದ್ದು, ತಿದ್ದುವ ಅಗತ್ಯವಿಲ್ಲ. ತಿದ್ದಬೇಕಾದದ್ದು ದೂರದ ಪುಸ್ತಕದ ಅಳತೆಯನ್ನು.

ತಿದ್ದುಪಡಿ ಇಷ್ಟೇ. ಪುಸ್ತಕ ಒಂದು ಚಮಚ ಸೋಡಾ ಎಂದರೆ ಎಂಟನೇ ಒಂದು ಭಾಗ ಕಡಿಮೆ ಮಾಡಿ. ಸಕ್ಕರೆ ಕಪ್ ಒಂದಕ್ಕೆ ಒಂದು ದೊಡ್ಡ ಚಮಚ ಕಡಿಮೆ ಇರಲಿ. ನೀರೋ ಹಾಲೋ ಕಪ್ ಒಂದಕ್ಕೆ ಒಂದೆರಡು ದೊಡ್ಡ ಚಮಚ ಹೆಚ್ಚಿರಲಿ. ಓವನ್ನಿನ ಕಾವು ಹತ್ತು ಡಿಗ್ರಿ ಏರಿಸಿ, ಗೋಡೆ ಬೇಗ ಕಟ್ಟಲಿ.

ಈ ಲೆಕ್ಕದಲ್ಲಿ 20 ಸೆಂಟಿಮೀಟರಿನ ಎರಡು ಟಿನ್‌ಗಳಿಗೆ ಬೇಕಾಗುವುದು 200 ಗ್ರಾಂ ಮೈದಾ, 50 ಗ್ರಾಂ ಕೋಕೋ ಪುಡಿ, 235 ಗ್ರಾಂ ಸಕ್ಕರೆ, ಅರ್ಧ ಚಮಚ ಉಪ್ಪು, ಮುಕ್ಕಾಲು ಚಮಚದ ಮೇಲೊಂದು ದೊಡ್ಡ ಚಿಟಿಕೆ ಅಡುಗೆ ಸೋಡಾ. ಚಮಚ ಎಂದರೆ ಅಳತೆಯ ಚಮಚ. ತುಂಬಿದ ಮೇಲೆ ಚಾಕುವಿನ ಬೆನ್ನನ್ನು ಎಳೆದು ಮಟ್ಟ ಮಾಡಬೇಕು. ಬೋಂಡಾ ಹಿಟ್ಟಿಗೆ ಹಾಕುವಂತೆ ಕೈಯಂದಾಜು ಇಲ್ಲಿ ನಡೆಯದು. ಮೈದಾ, ಸೋಡಾ, ಉಪ್ಪನ್ನು ಎರಡು ಸಲ ಜರಡಿ ಹಿಡಿಯಿರಿ. ಕೋಕೋವನ್ನು ಬೇರೆಯಾಗಿ ಮುಕ್ಕಾಲು ಕಪ್‌ಗಿಂತ ತುಸು ಕಡಿಮೆ, ಅಂದರೆ 150 ಮಿ.ಲೀ. ಕುದಿಯುವ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಆ ನೀರಿಗೆ ಎರಡು ಚಮಚ ಕಾಫಿ ಡಿಕಾಕ್ಷನ್ ಬೆರೆಸಿದರೆ ಚಾಕೊಲೇಟಿನ ರುಚಿ ಗಾಢವಾಗುತ್ತದೆ, ಕಾಫಿಯ ವಾಸನೆ ಬರುವುದಿಲ್ಲ. ಇದು ಆರಿದ ಮೇಲೆ ಒಂದು ಕಪ್ ಹುಳಿ ಮಜ್ಜಿಗೆ, 100 ಮಿ.ಲೀ. ವಾಸನೆಯಿಲ್ಲದ ಎಣ್ಣೆ, ಎರಡು ಮೊಟ್ಟೆ, ಸಕ್ಕರೆ ಸೇರಿಸಿ ಕದಡಿ. ಬೆಣ್ಣೆಯ ಬದಲು ಎಣ್ಣೆ ಏಕೆಂದರೆ, ಬೆಣ್ಣೆ ತಣ್ಣಗಾದಾಗ ಗಟ್ಟಿಯಾಗುತ್ತದೆ; ಎಣ್ಣೆ ಆಗುವುದಿಲ್ಲ. ಕೇಕು ಎರಡು ದಿನ ಮೆತ್ತಗಿರುವುದರ ಗುಟ್ಟು ಅದರಲ್ಲಿದೆ. ಕೊನೆಗೆ ಮೈದಾ ಹಾಕಿ ಬೆರೆಯುವಷ್ಟೇ ಕಲಸಿ. ದೋಸೆ ಹಿಟ್ಟಿನ ಹದವಿರುತ್ತದೆ, ಗಾಬರಿಯಾಗಬೇಡಿ. ಹುಳಿ ತಾಗಿದ ಕ್ಷಣದಿಂದ ಸೋಡಾ ಕೆಲಸ ಶುರುಮಾಡುವುದರಿಂದ ಕಾಯಿಸಿಟ್ಟ ಓವನ್ನಿಗೆ ತಕ್ಷಣ ಇಡಬೇಕು. 185ರಿಂದ 190 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆ. ಮೊದಲ ಇಪ್ಪತ್ತು ನಿಮಿಷ ಬಾಗಿಲು ತೆರೆಯಬೇಡಿ. ನಡುವೆ ಚುಚ್ಚಿದ ಕಡ್ಡಿ ಒಣಗಿ ಬಂದರೆ ಬೆಂದಿದೆ.

ಓವನ್ ಇಲ್ಲದ ಮನೆಯಲ್ಲಿ ದೊಡ್ಡ ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಮೇಲೆ ಸ್ಟ್ಯಾಂಡ್ ಇಟ್ಟು ಬೇಯಿಸುವುದುಂಟು. ಆಗ ಗ್ಯಾಸ್ಕೆಟ್, ವೆಯಿಟ್ ಎರಡನ್ನೂ ತೆಗೆದಿರಲೇಬೇಕು. ಮಕ್ಕಳು ಮಾಡುತ್ತಿದ್ದರೆ ಇದನ್ನು ದೊಡ್ಡವರು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಲಿ.

ದೊಡ್ಡವರು ನೋಡಬೇಕಾದ ಇನ್ನೊಂದು ಸಂಗತಿಯಿದೆ. ದಿನಸಿ ಅಂಗಡಿಯಲ್ಲಿ ಅಡುಗೆ ಸೋಡಾ, ಬಟ್ಟೆ ಒಗೆಯುವ ಸೋಡಾ ಎರಡೂ ಬಿಳಿಯ ಪುಡಿಗಳೇ. ಒಗೆಯುವ ಸೋಡಾ ಪ್ರಬಲವಾದ ಕ್ಷಾರ, ಬಾಯಿ ಗಂಟಲು ಸುಡಬಲ್ಲದು. ಎರಡಕ್ಕೂ ಬೇರೆ ಡಬ್ಬಿ, ಬೇರೆ ಚೀಟಿ, ಬೇರೆ ಗೂಡು ಇರಬೇಕು. ಹುಳಿ ಸಾಲದೆ ಉಳಿದ ಅಡುಗೆ ಸೋಡಾ ಕೂಡ ಓವನ್ನಿನ ಶಾಖಕ್ಕೆ ಇದೇ ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಪ್ರಮಾಣ ಅತ್ಯಲ್ಪ, ಅಪಾಯವಿಲ್ಲ. ಆದರೆ ಕೇಕಿಗೆ ಸಾಬೂನಿನ ರುಚಿ ಬರುವುದು ಅದರಿಂದಲೇ.

ಹುಳಿಯ ವಿಚಾರದಲ್ಲಿ ಕೋಕೋ ಕೂಡ ಮೋಸ ಮಾಡೀತು. ಸಹಜವಾದ ಕೋಕೋ ಪುಡಿ ಸ್ವಲ್ಪ ಹುಳಿ. 1828ರಲ್ಲಿ ಕೋಕೋದಿಂದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಹಾಲೆಂಡಿನ ವ್ಯಾನ್ ಹೌಟೆನ್ ಮನೆತನವೇ ಮುಂದೆ ಕೋಕೋಗೆ ಕ್ಷಾರ ಬೆರೆಸಿ ಹುಳಿ ತೆಗೆಯುವ ಕ್ರಮವನ್ನೂ ತಂದಿತು. ಹಾಗೆ ಮಾಡಿದ ಪುಡಿ ಕಪ್ಪಗೆ ಚೆನ್ನಾಗಿ ಕಾಣುತ್ತದೆ, ಆದರೆ ಸೋಡಾದ ಹುಳಿಗೆ ಅದನ್ನು ನಂಬುವಂತಿಲ್ಲ. ಡಬ್ಬಿಯ ಮೇಲೆ ಐಎನ್‌ಎಸ್ 500 ಅಥವಾ 501 ಎಂಬ ಸಂಖ್ಯೆ ಇದ್ದರೆ ಕ್ಷಾರ ಬೆರೆತಿದೆ ಎಂದು ತಿಳಿಯಿರಿ. ಆಗ ಮಜ್ಜಿಗೆಗೆ ಒಂದು ಚಮಚ ನಿಂಬೆರಸ ಸೇರಿಸಿದರಾಯಿತು. ಕೋಕೋ ಎಂದರೆ ಪರದೇಶದ್ದೇ ಎಂದುಕೊಳ್ಳಬೇಕಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಕೋಕೋ ಬೆಳೆಯುತ್ತದೆ. ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ.

ಇನ್ನು ಮೇಲಿನ ಫಡ್ಜ್. ಇಲ್ಲಿ ಪುಸ್ತಕಕ್ಕಿಂತ ಮನೆಯ ಅಜ್ಜಿ ಮುಂದು. 300 ಗ್ರಾಂ ಸಕ್ಕರೆ, 40 ಗ್ರಾಂ ಕೋಕೋ, ಅರ್ಧ ಕಪ್ ಹಾಲು, ಚಿಟಿಕೆ ಉಪ್ಪನ್ನು ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ ಕರಗುವವರೆಗೆ ಕೈಯಾಡಿಸಿ, ಆಮೇಲೆ ಕದಡದೆ ಕುದಿಸಬೇಕು. ಪಾಕ 112ರಿಂದ 115 ಡಿಗ್ರಿಗೆ ಬರಲಿ ಎನ್ನುತ್ತದೆ ಪುಸ್ತಕ. ನೀರು 97ಕ್ಕೇ ಕುದಿಯುವ ಊರಿನಲ್ಲಿ ಆ ಅಂಕಿಯಿಂದಲೂ ಮೂರು ಕಳೆಯಬೇಕು. ಕಳೆಯದಿದ್ದರೆ ಪಾಕ ಮುಂದೆ ಹೋಗಿ ಐಸಿಂಗ್ ಕಲ್ಲಾಗುತ್ತದೆ. ಆದರೆ ತಟ್ಟೆಯ ತಣ್ಣೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಕೂಡಿಸಿ ಮೆತ್ತನೆಯ ಉಂಡೆ ಕಟ್ಟಿತೇ ಎಂದು ನೋಡುವ ಅಜ್ಜಿಗೆ ಈ ಕಳೆಯುವ ಲೆಕ್ಕವೇ ಬೇಡ. ಬೆರಳು ನೋಡುವುದು ಕಾವನ್ನಲ್ಲ, ಪಾಕದಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನು. ಕಡಲ ತೀರವಾದರೂ ನಂದಿ ಬೆಟ್ಟವಾದರೂ ಉಂಡೆ ಉಂಡೆಯೇ.

ಹದ ಬಂದೊಡನೆ ಇಳಿಸಿ, 80 ಗ್ರಾಂ ಬೆಣ್ಣೆಯನ್ನು ಮೇಲೆ ಹಾಕಿ, ಮುಟ್ಟದೆ ಬಿಡಿ. ಕೈಗೆ ಉಗುರುಬೆಚ್ಚಗಾಗುವವರೆಗೆ ತಾಳ್ಮೆ ಬೇಕು. ಬಿಸಿಯಲ್ಲೇ ಕದಡಿದರೆ ಸಕ್ಕರೆಯ ಹರಳುಗಳು ದೊಡ್ಡದಾಗಿ ನಾಲಗೆಗೆ ಮರಳಿನಂತೆ ಸಿಗುತ್ತವೆ. ಆರಿದ ಮೇಲೆ ಮರದ ಸೌಟಿನಲ್ಲಿ ಬಿಡದೆ ಕಡೆದರೆ ಹರಳು ನುಣ್ಣಗೆ ಏಳುತ್ತದೆ. ಹೊಳಪು ಮಾಸತೊಡಗಿದ ಕ್ಷಣವೇ ಕೇಕಿನ ಮೇಲೆ ಹರಡಬೇಕು, ತಡವಾದರೆ ಪಾತ್ರೆಯಲ್ಲೇ ಗಟ್ಟಿ. ಹಾಗಾದರೆ ಒಂದು ಚಮಚ ಬಿಸಿ ಹಾಲು ಹಾಕಿ ಮತ್ತೆ ಕಡೆಯಿರಿ. ಕೊಬ್ಬರಿ ಮಿಠಾಯಿ ಮಾಡಿದವರಿಗೆ ಈ ಗಡಿಬಿಡಿ ಹೊಸದಲ್ಲ.

ಫಡ್ಜ್ ಪ್ರಸಿದ್ಧವಾದದ್ದೂ ವಿದ್ಯಾರ್ಥಿನಿಯರಿಂದಲೇ. ಅಮೆರಿಕದ ವ್ಯಾಸರ್ ಮಹಿಳಾ ಕಾಲೇಜಿನಲ್ಲಿ ಎಮೆಲಿನ್ ಹಾರ್ಟ್‌ರಿಜ್ ಎಂಬ ಹುಡುಗಿ 1888ರಲ್ಲಿ ಕಾಲೇಜಿನ ಹರಾಜಿಗೆಂದು 30 ಪೌಂಡ್ ಫಡ್ಜ್ ಮಾಡಿದ್ದಳು. ಮುಂದೆ ಇತರ ಮಹಿಳಾ ಕಾಲೇಜುಗಳ ಹಾಸ್ಟೆಲುಗಳಿಗೂ ಆ ಹುಚ್ಚು ಹಬ್ಬಿತು. ಆ ಹುಡುಗಿಯರ ಓದು ಅದರಿಂದ ಕೆಟ್ಟಿತೆಂದು ಯಾರೂ ಬರೆದಂತಿಲ್ಲ.

ಈ ಕೆಲಸದಲ್ಲೇ ಮನಸ್ಸು ನೆಟ್ಟ ಮಕ್ಕಳಿಗೆ ದೂರ ಹೋಗುವ ಅಗತ್ಯವೂ ಇಲ್ಲ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕವಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಬಸ್ಸುಗಳು ಹೆಬ್ಬಾಳದ ಮೇಲೇ ಹಾಯುತ್ತವೆ. ಬೇಕಾದ ವಿದ್ಯಾರ್ಹತೆ, ಅವಧಿ, ಶುಲ್ಕವನ್ನು ನೇರವಾಗಿ ಅಲ್ಲೇ ವಿಚಾರಿಸುವುದು ಒಳ್ಳೆಯದು.

ದೊಡ್ಡಬಳ್ಳಾಪುರದ ಹುಡುಗಿ ಪರೀಕ್ಷೆ ಮುಗಿಯುವವರೆಗೆ ಕಾಯಬೇಕಿಲ್ಲ. ಮೊದಲು ಶಾಲೆಯ ಪ್ರಯೋಗಾಲಯದಲ್ಲಿ ಮೇಷ್ಟರ ಎದುರು ಬರೀ ನೀರು ಕುದಿಸಿ ಥರ್ಮಾಮೀಟರ್ ನೋಡಲಿ. ಆ ಪಾದರಸದ ಥರ್ಮಾಮೀಟರನ್ನು ಮಾತ್ರ ಎಂದೂ ಅಡುಗೆಗೆ ತರಬಾರದು. 97ರ ಹತ್ತಿರ ಪಾದರಸ ನಿಂತದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ಅದರ ಕೆಳಗೇ ತಿದ್ದಿದ ಅಳತೆಯನ್ನೂ ಬರೆದಿಡಲಿ. ಮುಂದಿನ ಭಾನುವಾರ ಅಮ್ಮನಿಗೆ ಆ ಪುಟ ತೋರಿಸಿ, ಪಾಕ ನೋಡಲು ಅಜ್ಜಿಯನ್ನು ಒಲೆಯ ಬಳಿ ಕೂರಿಸಿಕೊಂಡು ಮತ್ತೊಮ್ಮೆ ಶುರುಮಾಡಲಿ. ಕುಸಿದ ಮೊದಲ ಕೇಕನ್ನೂ ಬಿಸಾಡಬೇಕಿಲ್ಲ. ಹಳ್ಳಕ್ಕೆ ಫಡ್ಜ್ ತುಂಬಿ ಕೊಟ್ಟರೆ ತಮ್ಮ ತಕರಾರು ಮಾಡಲಾರ.